ಈಶಾನ್ಯದ ಕುಂಟೆ

ಮಣ್ಣು ಪರೀಕ್ಷೆಗೆ ನಾಲ್ಕು ಮೂಲೆಯಲ್ಲೂ ನೆಲ ಕೊರೆಸಬೇಕಿತ್ತು. ನಾನು ಮೂರರಲ್ಲಿ ಕೊರೆಸಿದೆ. ಮುಂದೆ ಈ ಬರಹದಲ್ಲಿ ಯಾರ್ಯಾರ ಮೇಲೋ ಸಿಡುಕುತ್ತೇನೆ, ನನ್ನ ಸ್ವಭಾವವೇ ಅದು. ಆದ್ದರಿಂದ ನನ್ನ ಪಾಲಿನ ತಪ್ಪನ್ನು ಮೊದಲೇ ಹೇಳಿಬಿಡುವುದು ವಾಸಿ.

ಜಾಗ ಚಿಕ್ಕಬಳ್ಳಾಪುರದ ನಟ್ಟನಡುವೆ, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. ಹಿಂದೆ ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಘಟಕವಿತ್ತು. ಅದು ಮುಚ್ಚಿ ಬಹಳ ವರ್ಷವಾಗಿ, ಶೀಟು ಕುಸಿದು, ಗೋಡೆಯ ಮೇಲೆ ಆಲದ ಸಸಿ ಎದ್ದು, ಈಶಾನ್ಯದಲ್ಲಿದ್ದ ಬಾಯ್ಲರ್ ಕೋಣೆಯೊಂದೇ ಗಟ್ಟಿಯಾಗಿ ನಿಂತಿತ್ತು. ಅಲ್ಲಿ ನೆಲಮಹಡಿಯ ಮೇಲೆ ಒಂಬತ್ತು ಅಂತಸ್ತು, ಅಂತಸ್ತಿಗೆ ಆರು ಮನೆ ಏಳಬೇಕಿತ್ತು. ಮೂರು ಮಹಡಿ ಕಟ್ಟಿದವರೇ ನೆಂಟರನ್ನು ಕರೆದು ಟೆರೇಸು ತೋರಿಸುವ ಊರು ನಮ್ಮದು. ಒಂಬತ್ತೆಂದರೆ ಜನ ಬೈಕು ನಿಲ್ಲಿಸಿ, ಬೋರ್ಡಿನ ಮೇಲಿನ ಚಿತ್ರದಲ್ಲಿ ಅಂತಸ್ತು ಎಣಿಸಿ ಹೋಗುತ್ತಿದ್ದರು. ನಾನು ಅಲ್ಲಿ ಸೈಟ್ ಇಂಜಿನಿಯರ್ ಆಗಿದ್ದೆ.

ಮಣ್ಣಿನ ಗಟ್ಟಿತನ ಅಳೆಯುವ ಕ್ರಮ ಸರಳವಾದದ್ದು. ನೆಲ ಕೊರೆದು ಕೊಳವೆ ಇಳಿಸಿ, ಅದರ ತಲೆಯ ಮೇಲೆ ಅರವತ್ತಮೂರೂವರೆ ಕಿಲೋ ತೂಕದ ಸುತ್ತಿಗೆಯನ್ನು ಒಂದೇ ಎತ್ತರದಿಂದ ಮತ್ತೆ ಮತ್ತೆ ಬೀಳಿಸುತ್ತಾರೆ. ಕೊಳವೆ ಒಂದಡಿ ಇಳಿಯಲು ಎಷ್ಟು ಏಟು ಬೇಕಾಯಿತು ಅನ್ನುವುದೇ ಲೆಕ್ಕ. ಏಟು ಹೆಚ್ಚಾದಷ್ಟೂ ನೆಲ ಗಟ್ಟಿ. ನಮ್ಮ ಮೂರು ಮೂಲೆಗಳಲ್ಲೂ ಮೇಲೆ ಕೆಂಪು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಂಡೆ. ಹತ್ತಡಿಗೆಲ್ಲ ಐವತ್ತು ಏಟು ದಾಟಿತ್ತು. ನಾಲ್ಕನೆಯ ಮೂಲೆಗೆ ಯಂತ್ರ ಹೋಗಲು ಬಾಯ್ಲರ್ ಕೋಣೆ ಅಡ್ಡ. ಅದನ್ನು ಕೆಡವಲು ಹತ್ತು ದಿನ ಬೇಕಿತ್ತು, ಯಂತ್ರದವರು ಮರುದಿನ ಬೇರೆ ಊರಿಗೆ ಹೊರಟಿದ್ದರು. ವರದಿಯಲ್ಲಿ ನಾನು ಬರೆದೆ: ‘ಈಶಾನ್ಯ ಮೂಲೆಯಲ್ಲೂ ಮಣ್ಣಿನ ಸ್ವರೂಪ ಇದೇ ಇರುವುದಾಗಿ ಭಾವಿಸಲಾಗಿದೆ.’ ಭಾವಿಸಲಾಗಿದೆ ಅನ್ನುವ ಮಾತು ಎಷ್ಟು ಸುಖ! ಭಾವಿಸಿದವರು ಯಾರು ಅನ್ನುವುದು ಅದರಲ್ಲಿ ಇರುವುದೇ ಇಲ್ಲ.

ಹಳೆಯ ಕ್ರಯಪತ್ರವನ್ನೂ ಓದಿದ್ದೆ. ಕೈಬರಹದ್ದು. ವಿಸ್ತೀರ್ಣದ ಜಾಗದಲ್ಲಿ ‘ಈಶಾನ್ಯದ ಕುಂಟೆ ಒಂದು ಸೇರಿ ಒಟ್ಟು ಮೂವತ್ತೆರಡು ಕುಂಟೆ’ ಎಂದಿತ್ತು. ಸರಪಳಿ ಹಿಡಿದು ಅಳೆಸಿದರೆ, ಎಕರೆಗೆ ನಲವತ್ತರ ಲೆಕ್ಕದಲ್ಲಿ, ಮೂವತ್ತೆರಡು ಕುಂಟೆ ಸರಿಯಾಗಿ ಬಂತು. ಆ ಮೂಲೆಯಲ್ಲಿ ಯಾವಾಗಲೋ ಒಂದು ಕುಂಟೆ ನೆಲ ಹೊಸದಾಗಿ ಸೇರಿಸಿಕೊಂಡಿರಬೇಕು ಅಂದುಕೊಂಡು ಪುಟ ಮಗುಚಿದೆ. ವಕೀಲರೂ ಹಾಗೇ ಓದಿದ್ದರು, ಬಿಲ್ಡರೂ ಹಾಗೇ ಓದಿದ್ದರು.

ನನಗೆ ಅವಸರವಿತ್ತು. ಕೆಲಸದ್ದಲ್ಲ, ಮನೆಯದು. ಆ ಈಶಾನ್ಯ ಮೂಲೆಯಲ್ಲೇ ಐದನೇ ಅಂತಸ್ತಿನ ಮನೆಯನ್ನು ನಾನು ಮುಂಗಡ ಕೊಟ್ಟು ಹಿಡಿದಿದ್ದೆ. ಪಶ್ಚಿಮದ ಮನೆಗಳಿಂದ ಸ್ಕಂದಗಿರಿ ಕಾಣುತ್ತದೆಂದು ಅವಕ್ಕೆ ಬೇಡಿಕೆ ಹೆಚ್ಚು. ನನಗೆ ಗಿರಿ ಬೇಡವಾಗಿತ್ತು. ಅಡುಗೆಮನೆಯ ಕಿಟಕಿ ಪೂರ್ವಕ್ಕೆ ತೆರೆದು, ನಮ್ಮ ಶಿಡ್ಲಘಟ್ಟದ ಕಡೆಯಿಂದ ಬೆಳಕು ಬಂದರೆ ಸಾಕಿತ್ತು.

ಈ ಆಸೆಯ ಹಿಂದೆ ಏನಿತ್ತು ಅನ್ನುವುದನ್ನೂ ಹೇಳಬೇಕು. ಈ ಊರಿಗೆ ಬಂದಮೇಲೆ ನಾನು ಮತ್ತು ನಮ್ಮಮ್ಮ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೆವು. ಮನೆ ತೋರಿಸುವಾಗ ಎಲ್ಲರೂ ಮರ್ಯಾದಸ್ಥರೇ. ಇಂಜಿನಿಯರಾ, ಬನ್ನಿ ಬನ್ನಿ. ಆಮೇಲೆ ನೀರಿನ ಟ್ಯಾಂಕು ತೋರಿಸುತ್ತಾ, ಮಾತಿಗೆ ಮಾತು ಬಂದಂತೆ, ‘ನೀವು ಯಾವ ಜನ?’ ನಾನು ಸುಳ್ಳು ಹೇಳುವವಳಲ್ಲ, ಬೌದ್ಧರು ಅನ್ನುತ್ತೇನೆ. ಅವರಿಗೆ ಅರ್ಥವಾಗಲು ಎರಡು ದಿನ ಬೇಕು. ಒಬ್ಬಾಕೆ ನಮ್ಮ ಬುದ್ಧನ ಮೂರ್ತಿ ನೋಡಿ ‘ಷೋಗೆ ಚೆನ್ನಾಗಿದೆ’ ಅಂದರು. ಅರ್ಥವಾದ ಮೇಲೆ ಅವರ ಮಗನಿಗೆ ಇದ್ದಕ್ಕಿದ್ದಂತೆ ಮದುವೆ ಗೊತ್ತಾಗುತ್ತದೆ, ಮನೆ ಅವರಿಗೇ ಬೇಕಾಗುತ್ತದೆ. ಫ್ಲಾಟಿನಲ್ಲಿ ಯಾರೂ ಯಾರನ್ನೂ ಹಾಗೆ ಕೇಳುವುದಿಲ್ಲ ಎಂದು ನಂಬಿದ್ದೆ. ನಿಜವೋ ಸುಳ್ಳೋ ಇದ್ದು ನೋಡಬೇಕಿತ್ತು. ನನಗೆ ನನ್ನದೊಂದು ಬಾಗಿಲು ಬೇಕಿತ್ತು, ಅಷ್ಟೇ. ಹಸಿವಾದಾಗ ಅನ್ನ ಬೇಕಾಗುವ ಹಾಗೆ ಬೇಕಿತ್ತು.

ಬಾಯ್ಲರ್ ಕೋಣೆ ಕೆಡವಿ, ಸುಣ್ಣದಲ್ಲಿ ಗೆರೆ ಎಳೆದ ದಿನ ಅಮ್ಮನನ್ನು ಕರೆದುಕೊಂಡು ಹೋದೆ. ಈಶಾನ್ಯದ ಗೆರೆಗಳ ನಡುವೆ ನಿಲ್ಲಿಸಿದೆ.

“ಇದೇನಾ ನಮ್ದು?”

“ಇದರ ಮೇಲೆ ಅಮ್ಮ. ಐದನೇದು.”

ಅಮ್ಮ ತಲೆ ಎತ್ತಿ ಬರೀ ಆಕಾಶವನ್ನು ಬಹಳ ಹೊತ್ತು ನೋಡಿದಳು. “ಅಷ್ಟು ಮೇಲಕ್ಕೆ ನೀರು ಹತ್ತುತ್ತೇನೇ?”

“ಹತ್ತುತ್ತೆ. ಮೋಟರ್ ಇರುತ್ತೆ.”

“ಹಂಗಾದ್ರೆ ಸರಿ,” ಎಂದಳು. ಆಮೇಲೆ ಗೆರೆ ತುಳಿಯದ ಹಾಗೆ ಸುತ್ತಿಕೊಂಡು, ಅಡುಗೆಮನೆ ಎಂದು ನಾನು ತೋರಿಸಿದ ಕಡೆ ಹೋಗಿ ನಿಂತಳು. ಒಲೆ ಇಲ್ಲಿ, ಕಾಳಿನ ಡಬ್ಬಗಳು ಅಲ್ಲಿ ಎಂದು ಕೈಯಾಡಿಸಿ ಜೋಡಿಸಿಕೊಂಡಳು.

ಮರುವಾರ ಅಗೆತ ಶುರುವಾಯಿತು. ಮೂರು ಮೂಲೆಗಳಲ್ಲಿ ಜೆಸಿಬಿ ಕೆಂಪು ಮಣ್ಣು ಎತ್ತಿ, ಗರಸು ಮುಟ್ಟಿ, ಹತ್ತಡಿಗೆ ನಿಂತಿತು. ಈಶಾನ್ಯದಲ್ಲಿ ಆರಡಿಗೇ ಬಕೆಟ್ಟಿನಲ್ಲಿ ಕಪ್ಪು ಬಂತು. ಬೂದಿ, ಅರ್ಧ ಸುಟ್ಟ ಸೌದೆ, ಒಡೆದ ಜಾಡಿಯ ಚೂರುಗಳು, ಅವುಗಳ ನಡುವೆ ಕರಗಿ ಅಂಟಾದ ಮಣ್ಣು. ಗೂಡು ಬೇಯಿಸಿ ಉಳಿದ ಹುಳುವಿನ ನಾತ ಗೊತ್ತಿದ್ದವರಿಗೆ ಮರೆಯುವುದಿಲ್ಲ. ಅಷ್ಟು ವರ್ಷದ ಮೇಲೂ ಅದು ಮಣ್ಣಿನಲ್ಲಿ ಉಳಿದಿತ್ತು. ಜೆಸಿಬಿಯವನು ಟವೆಲಿನಿಂದ ಮೂಗು ಕಟ್ಟಿಕೊಂಡ.

ನಮ್ಮ ಮೇಸ್ತ್ರಿ ಗೌರಿಬಿದನೂರಿನ ಆಚೆಯವರು. ಮನೆಯಲ್ಲಿ ತೆಲುಗು, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಬೆಳಗ್ಗೆ ನಾನು ಬರುವಷ್ಟರಲ್ಲಿ ಗುಂಡಿಯ ಬಳಿ ನಿಂತಿದ್ದರು.

“ಕೆಳಗೆ ಊಟ ಇದೆ ಮೇಡಮ್ಮ.”

“ಮಾಡ್ಕೊಂಡ್ ಬನ್ನಿ ಹೋಗಿ ಮೇಸ್ತ್ರಿ, ಆಮೇಲೆ ನೋಡಣ.”

ಅವರು ನಕ್ಕು ಗುಂಡಿಯೊಳಗೆ ಕೈ ತೋರಿಸಿದರು. ಹಿಂದಿನ ಸಂಜೆ ಪಂಪು ಹಾಕಿ ಬರಿದು ಮಾಡಿದ ಗುಂಡಿಯಲ್ಲಿ ಮೊಣಕಾಲಿನಷ್ಟು ನೀರು. ಆಗ ಹೊಳೆಯಿತು, ಅವರ ತೆಲುಗಿನ ಊಟ ನಮ್ಮ ಒರತೆ.

ನಾವು ಬಿಡಲಿಲ್ಲ. ಹನ್ನೆರಡಡಿಗೆ ಇಳಿದೆವು, ಆಮೇಲೆ ಹದಿನೈದಕ್ಕೆ. ಹಗಲೆಲ್ಲ ಪಂಪು ಓಡಿಸಿ ಅಗೆಯುವುದು, ಬೆಳಗ್ಗೆ ಬಂದರೆ ಮತ್ತೆ ನೀರು. ಬದಿಯ ಮಣ್ಣು ಜಾರದಿರಲೆಂದು ನೀಲಗಿರಿ ಕಂಬ ನೆಟ್ಟು, ಮರಳಿನ ಮೂಟೆ ಪೇರಿಸಿದೆವು. ಹದಿನೆಂಟಡಿಗೂ ಗರಸು ಸಿಗಲಿಲ್ಲ. ಏಳನೇ ದಿನ ಪಕ್ಕದ ಮನೆಯ ಕಾಂಪೌಂಡು ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಂತು. ಮನೆಯಾಕೆ ಗೋಡೆಯಾಚೆಯಿಂದ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಒಂದೂ ತಪ್ಪಾಗಿರಲಿಲ್ಲ. ಬಿರುಕಿನ ಮೇಲೆ ಗಾಜಿನ ತುಂಡನ್ನು ಸಿಮೆಂಟಿನಲ್ಲಿ ಅಂಟಿಸಿದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಸಂಜೆಗೆ ಒಡೆದಿತ್ತು. ಅಗೆತ ನಿಲ್ಲಿಸಿದೆ.

ಕಟ್ಟಡದ ವಿನ್ಯಾಸ ಮಾಡಿದವರು ಬೆಂಗಳೂರಿನಲ್ಲಿದ್ದರು. ಫೋನಿನಲ್ಲಿ ಕಡಿಮೆ ಮಾತಿನ ಮನುಷ್ಯ. ಎಲ್ಲ ಕೇಳಿಸಿಕೊಂಡು ಅವರು ಅಂದದ್ದು ಇಷ್ಟೇ: “ಆ ಮೂಲೇದು ಏಟಿನ ಲೆಕ್ಕ ಕಳಿಸಿ. ಅದನ್ನ ನೋಡದೆ ನಾನು ಏನೂ ಹೇಳಲ್ಲ.”

ಆ ಲೆಕ್ಕವೇ ನನ್ನ ಹತ್ತಿರ ಇರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಬಿಲ್ಡರು ಬಂದರು. ಚಿಂತಾಮಣಿಯ ಟೊಮ್ಯಾಟೊ ಮಂಡಿಯಲ್ಲಿ ಬೆಳೆದವರು, ಮಾತು ಚುರುಕು, ಮನಸ್ಸು ಕೆಟ್ಟದ್ದಲ್ಲ. ಗುಂಡಿ ನೋಡಿ ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ತನಗೆ ಗೊತ್ತಿದ್ದ ಮದ್ದು ಹೇಳಿದರು: ದಪ್ಪ ಕಲ್ಲು ತುಂಬಿ, ಮೇಲೆ ಕಾಂಕ್ರೀಟು ಹಾಸಿ, ಅದರ ಮೇಲೆ ಕಾಲಂ ಎಬ್ಬಿಸುವುದು. ಮೂರು ಮಹಡಿಯ ಮನೆಗಳಿಗೆ ಊರಲ್ಲಿ ಹಾಗೇ ಮಾಡುತ್ತಾರೆ.

“ಇದು ಒಂಬತ್ತು ಸಾರ್,” ಅಂದೆ.

“ನಾಲ್ಕೇ ಕಾಲಂ ಅಲ್ವಾ ಮೇಡಂ? ಮೂರು ಕಡೆ ಐವತ್ತು ಏಟು ಬಂದಿದೆ. ಇಲ್ಲಿ ಕಲ್ಲು ತುಂಬಿಸಿದ್ಮೇಲೆ ಅದೂ ಗಟ್ಟಿಯಾಗೇ ಆಗುತ್ತೆ. ಒಂದು ನಲವತ್ತು ಅಂತ ಬರೆದು ಕಳಿಸಿಬಿಡಿ. ಮಳೆ ಹಿಡ್ಕೊಂಡ್ರೆ ನಾವು ಈ ವರ್ಷ ಮೇಲೇಳಲ್ಲ.” ಕಾರು ಹತ್ತುವಾಗ ತಿರುಗಿ ಅಂದರು: “ಆ ಮೂಲೇಲಿ ನಿಮ್ಮನೇನೂ ಐತೆ. ನಾನು ಬರೀ ನನ್ನ ಸಲುವಾಗಿ ಹೇಳ್ತಿಲ್ಲ.”

ಮೂರು ದಿನ ನಾನು ಆ ನಲವತ್ತನ್ನು ತಲೆಯಲ್ಲಿಟ್ಟುಕೊಂಡು ತಿರುಗಿದೆ. ತಕ್ಷಣ ಆಗುವುದಿಲ್ಲ ಅಂದೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಕಲ್ಲು ತುಂಬಿದರೆ ನಿಂತರೂ ನಿಲ್ಲಬಹುದು ಎಂದು ಎಷ್ಟೋ ಸಲ ಲೆಕ್ಕ ಹಾಕಿದೆ. ಪ್ರತಿ ಲೆಕ್ಕದ ಕೊನೆಯಲ್ಲೂ ಅಮ್ಮ ಒಲೆಯ ಮುಂದೆ ನಿಂತಿರುತ್ತಿದ್ದಳು. ಅಷ್ಟು ಆಸೆಯಿಟ್ಟುಕೊಂಡು ಹಾಕುವ ಲೆಕ್ಕ ಲೆಕ್ಕವಲ್ಲ, ಹರಕೆ.

ಕಡೆಗೆ ಅಂದುಕೊಂಡೆ, ಆ ಕಪ್ಪು ಮಣ್ಣು ಎಲ್ಲಿಯವರೆಗೆ ಹಬ್ಬಿದೆ ಎಂದಾದರೂ ತಿಳಿಯಲಿ. ಸಣ್ಣ ಬೂದಿಗುಂಡಿಯಾದರೆ ಕಲ್ಲು ತುಂಬುವ ಮಾತಿಗೆ ಅರ್ಥವಿದೆ. ಬೂದಿಗುಂಡಿಯೇ ಆಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಾ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಆ ಜಾಗವನ್ನು ಮಾರಿದ ಹಿರಿಯರು ಅಲ್ಲಿ ಮಗಳ ಮನೆಯಲ್ಲಿದ್ದರು. ಘಟಕ ನಡೆಸಿದವರು, ಈಗ ಎಂಬತ್ತರ ಹತ್ತಿರ. ಮಗಳು ಚಹಾ ತಂದಿಟ್ಟಳು. ನಾನು ಸೈಟಿನ ನಕ್ಷೆ ಬಿಡಿಸಿ, ಈಶಾನ್ಯದ ಮೂಲೆಯ ಮೇಲೆ ಬೆರಳಿಟ್ಟೆ.

“ಇಲ್ಲಿ ಬೂದಿ ಹಾಕ್ತಿದ್ರಾ ಸಾಹೇಬ್ರೆ?”

“ಹಾಕ್ತಿದ್ವಿ ಬೇಟಾ. ಬೂದಿ, ಹುಳ, ಕಸ, ಎಲ್ಲಾ ಅಲ್ಲಿಗೇ.”

“ಎಷ್ಟು ದೊಡ್ಡ ಗುಂಡಿ?”

“ಗುಂಡಿ ಯಾಕಾಗುತ್ತೆ? ಕುಂಟೆ ಅದು. ಮಳೆ ನೀರು ನಿಲ್ತಿತ್ತು. ಆ ನೀರಲ್ಲೇ ನಮ್ಮಪ್ಪ ಗೂಡು ಬೇಯಿಸ್ತಿದ್ರು. ಬೋರ್‌ವೆಲ್ ಬಂದ್ಮೇಲೆ ನೀರು ಬೇಡ ಆಯ್ತು, ಮುಚ್ಚುತ್ತಾ ಬಂದ್ವಿ, ಕೊನೆಗೆ ಮೇಲೆ ಮಣ್ಣು ಹಾಕಿ ಬಾಯ್ಲರ್ ಕೋಣೆ ಕಟ್ಟಿದ್ವಿ. ಆಳ ಅಂದ್ರೆ, ಮೂರು ಆಳು ಒಬ್ಬರ ಮೇಲೊಬ್ಬರು ನಿಂತ್ರೂ ಮುಳುಗೋರು.”

ನಾನು ನಕ್ಷೆ ಮಡಿಸತೊಡಗಿದೆ. ಅವರಿಗೆ ಏನನಿಸಿತೋ, ಸ್ವಲ್ಪ ನೊಂದ ದನಿಯಲ್ಲೇ ಕೇಳಿದರು: “ಪತ್ರದಲ್ಲಿ ಬರೆಸಿದ್ದೀನಲ್ಲಮ್ಮಾ, ಈಶಾನ್ಯದ ಕುಂಟೆ ಒಂದು ಸೇರಿ ಅಂತ. ನಾನೇನು ಮುಚ್ಚಿಟ್ಟು ಮಾರಿಲ್ಲ. ನೀವು ಓದ್ಲಿಲ್ವಾ?”

ಓದಿದ್ದೆ. ಮೇಲೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಕುಂಟೆಯ ದಂಡೆಯಲ್ಲೇ ಬೆಳೆದವಳು ನಾನು. ಈ ಕಡೆ ನಮ್ಮ ಕೇರಿಯವರು, ಆ ಕಡೆ ಊರವರು. ನಮ್ಮ ಕಡೆಗೆ ಕೆಸರು ಜಾಸ್ತಿ. ಹದಿನೆಂಟು ವರ್ಷದವರೆಗೆ ಕುಂಟೆ ಅಂದರೆ ನನಗೆ ನೀರು ಬಿಟ್ಟು ಬೇರೇನೂ ಆಗಿರಲಿಲ್ಲ. ಆಮೇಲೆ ಓದಿದೆ, ಆಫೀಸುಗಳನ್ನು ನೋಡಿದೆ, ಪಹಣಿ ಕ್ರಯಪತ್ರಗಳನ್ನು ಓದುವುದು ಕಲಿತೆ, ಎಕರೆಗೆ ನಲವತ್ತು ಕುಂಟೆ ಎಂದು ಬಾಯಿಗೆ ಬಂತು. ಪತ್ರ ಬರೆಸಿದ ಹಿರಿಯರು ನೀರನ್ನು ಹೇಳಿದ್ದರು, ಇಂಜಿನಿಯರಮ್ಮ ನೆಲವನ್ನು ಓದಿದ್ದಳು. ನಮ್ಮ ಅಮ್ಮನಿಗೆ ಆ ಸಾಲು ಓದಿ ಹೇಳಿದ್ದರೆ ಒಂದೇ ಸಲಕ್ಕೆ ‘ಅಲ್ಲಿ ಕುಂಟೆ ಇತ್ತಂತೆ’ ಅನ್ನುತ್ತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮರುದಿನವೇ ಯಂತ್ರದವರನ್ನು ಕರೆಸಿದೆ. ಬಿಲ್ಡರನ್ನು ಕೇಳಲಿಲ್ಲ. ಅಗೆದ ಗುಂಡಿಯ ಪಕ್ಕದಲ್ಲಿ, ಹಲಗೆ ಹಾಸಿ ಯಂತ್ರ ನಿಲ್ಲಿಸಿ ಕೊರೆಸಿದೆ. ಹತ್ತಡಿಯಲ್ಲಿ ಸುತ್ತಿಗೆ ಎತ್ತಿ ಬಿಟ್ಟರು. ಒಂದು. ಎರಡು. ಎರಡನೇ ಏಟಿಗೆ ಕೊಳವೆ ಒಂದಡಿ ದಾಟಿ ಇನ್ನೂ ಕೆಳಗೆ ಹೋಯಿತು. ಹದಿನೈದಡಿಯಲ್ಲಿ ಮೂರು, ಇಪ್ಪತ್ತರಲ್ಲಿ ನಾಲ್ಕು. ಗರಸು ಸಿಕ್ಕಿದ್ದು ಇಪ್ಪತ್ತಾರಕ್ಕೆ. ಏಟಿನ ಪಟ್ಟಿಯಲ್ಲಿ ಈ ಮೂಲೆಗೆ ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಎರಡು ಎಂದು ಬರೆದೆ. ಕೆಳಗೆ, ಮೊದಲ ವರದಿಯಲ್ಲಿ ಈ ಮೂಲೆಯನ್ನು ನಾನು ಪರೀಕ್ಷಿಸಿರಲಿಲ್ಲ ಎಂದು ‘ನಾನು’ ಸೇರಿಸಿಯೇ ಬರೆದು ಸಹಿ ಹಾಕಿದೆ. ವಿನ್ಯಾಸದವರಿಗೂ ಬಿಲ್ಡರಿಗೂ ಒಟ್ಟಿಗೇ ಕಳಿಸಿದೆ.

ಕಳಿಸುವ ಬಟನ್ ಒತ್ತುವಾಗಲೇ ಮನೆ ಹೋಗುತ್ತದೆ ಎಂದು ಗೊತ್ತಿತ್ತು.

ವಿನ್ಯಾಸದವರು ಎರಡು ದಾರಿ ಹೇಳಿದರು. ಒಂದು, ಇಪ್ಪತ್ತಾರು ಅಡಿಯ ಕೆಳಗಿನವರೆಗೆ ಕಾಂಕ್ರೀಟಿನ ಕಂಬಗಳನ್ನು ಇಳಿಸಿ ಅವುಗಳ ಮೇಲೆ ಕಟ್ಟುವುದು. ಅದನ್ನು ಕೊರೆಯುವ ದೊಡ್ಡ ಯಂತ್ರ ನಮ್ಮ ಓಣಿಯಲ್ಲಿ ತಿರುಗುವುದಿಲ್ಲ. ಪಕ್ಕದ ಗೋಡೆ ಆಗಲೇ ಬಿರಿದಿದೆ, ಯಂತ್ರದ ಕಂಪನಕ್ಕೆ ನಿಲ್ಲುವುದೂ ಅನುಮಾನ. ಇನ್ನೊಂದು, ಆ ಮೂಲೆಯನ್ನೇ ಕಟ್ಟಡದಿಂದ ಕತ್ತರಿಸಿ ಬಯಲು ಬಿಡುವುದು. ಅಂತಸ್ತಿಗೆ ಆರರ ಬದಲು ಐದು ಮನೆ. ಬೇರೇನಾದರೂ ಮಾಡುವುದಾದರೆ ನಕ್ಷೆಗೆ ತಾನು ಸಹಿ ಹಾಕುವುದಿಲ್ಲ ಎಂದರು.

ಬಿಲ್ಡರು ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಆಫೀಸಿಗೆ ಕರೆಸಿದರು. ಹೊಸ ನಕ್ಷೆ ಮೇಜಿನ ಮೇಲಿತ್ತು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಅವರು ಮೆಲ್ಲಗೆ ಕೇಳಿದರು.

“ನಂಗೆ ಒಂದು ಮಾತು ಹೇಳಿ ಮೇಡಂ. ನಿಮ್ಮನೆ ಹೋಗುತ್ತೆ ಅಂತ ಗೊತ್ತಿದ್ದೂ ಕಳಿಸಿದ್ರಾ?”

“ಗೊತ್ತಿತ್ತು ಸಾರ್.”

“ನಿಮ್ಮನೆ ಅಲ್ದೆ ಇದ್ದಿದ್ರೂ ಕಳಿಸ್ತಿದ್ರಾ?”

“ನಂಗೊತ್ತಿಲ್ಲ ಸಾರ್. ನಮ್ಮಮ್ಮ ಅಲ್ಲಿ ಮಲಗ್ತಾರೆ ಅಂದ್ಕೊಂಡಾಗ ಆ ನಲವತ್ತು ಬರೆಯಕ್ಕೆ ಕೈ ಬರಲಿಲ್ಲ. ಆ ಮೂಲೆಯ ಉಳಿದ ಎಂಟು ಮನೇಲೂ ಯಾರಾದ್ರೂ ಮಲಗ್ತಾರಲ್ಲ, ಅದು ಆಮೇಲೆ ಹೊಳೀತು.”

ಅವರು ನಕ್ಷೆ ಸುತ್ತಿಟ್ಟರು. ಆ ಮೂಲೆಯಲ್ಲಿ ಮನೆ ಹಿಡಿದಿದ್ದ ಬೇರೆಯವರನ್ನು ಉಳಿದ ಐದು ಸಾಲುಗಳಿಗೆ ಸರಿಸಬೇಕಾಗಿತ್ತು. ಎಲ್ಲರಿಗೂ ಆಗುವಷ್ಟು ಮನೆ ಖಾಲಿ ಇರಲಿಲ್ಲ. “ನಿಮ್ಮದನ್ನ ವಾಪಸ್ ಕೊಡಿಸ್ತೀನಿ. ನೀವು ನಮ್ಮವರು ಮೇಡಂ, ನೀವೇ ಅಡ್ಜಸ್ಟ್ ಮಾಡ್ಕೋಬೇಕು.”

ಈ ಊರಿನಲ್ಲಿ ಮನೆಯ ಮಾತಿಗೆ ನನ್ನನ್ನು ‘ನಮ್ಮವರು’ ಅಂದದ್ದು ಅವರೇ ಮೊದಲು. ಅದೂ ಮನೆ ಇಲ್ಲ ಅನ್ನುವುದಕ್ಕೆ. ಅಳಬೇಕೋ ನಗಬೇಕೋ ತಿಳಿಯದೆ ಎದ್ದು ಬಂದೆ.

ಅಮ್ಮನಿಗೆ ಊಟದ ಹೊತ್ತಿನಲ್ಲಿ ಹೇಳಿದೆ. ಕುಂಟೆ ಅಂತ ಕೇಳಿದ್ದೇ ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. “ಕುಂಟೆ ಮೇಲೆ ಮನೆ ಕಟ್ತಾರೇನೇ? ಬಿಡಮ್ಮ, ಹೋಗ್ಲಿ. ಅದು ನೀರಿನ ಜಾಗ.” ಅಷ್ಟೇ ಅಂದಳು. ಆದರೆ ಅದರ ಹಿಂದಿನ ವಾರವೇ ಹೊಸ ಮನೆಗೆಂದು ತಂದಿದ್ದ ಸ್ಟೀಲಿನ ಡಬ್ಬಗಳನ್ನು ಬಟ್ಟೆ ಸುತ್ತಿ ಅಟ್ಟದ ಮೇಲೆ ಇಡುವಾಗ ನಾನು ನೋಡಿದೆ. ನೋಡದವಳ ಹಾಗೆ ಹೊರಗೆ ಹೋದೆ.

ಕಟ್ಟಡ ಎದ್ದಿತು. ಮೂಲೆಯನ್ನು ಕತ್ತರಿಸಿದ್ದರಿಂದ ಪ್ರತಿ ಅಂತಸ್ತಿನ ಕಾರಿಡಾರೂ ಒಂದು ಗೋಡೆಗೆ ಬಂದು ಮುಗಿಯುತ್ತಿತ್ತು. ಐದನೆಯ ಅಂತಸ್ತಿನ ಸ್ಲ್ಯಾಬು ಗಟ್ಟಿಯಾದ ಮೇಲೆ, ಗೋಡೆ ಇನ್ನೂ ಏಳದ ಆ ತುದಿಗೆ ಹೋಗಿ ನಿಂತೆ. ಎದುರಿಗೆ ಬರೀ ಗಾಳಿ. ಎರಡು ಹೆಜ್ಜೆ ಮುಂದಿಟ್ಟಿದ್ದರೆ ಬಾಗಿಲು, ಬಲಕ್ಕೆ ಅಡುಗೆಮನೆ, ಆಚೆಗೆ ಅಮ್ಮನ ಕೋಣೆ. ನಕ್ಷೆ ಬಾಯಿಪಾಠವಾಗಿದ್ದವಳಿಗೆ ಗಾಳಿಯಲ್ಲೂ ಗೋಡೆ ಕಾಣುತ್ತದೆ. “ಹಿಂದಕ್ ಬನ್ನಿ ಮೇಡಮ್ಮ, ಕಂಬಿ ಇನ್ನೂ ಕಟ್ಟಿಲ್ಲ,” ಎಂದು ಮೇಸ್ತ್ರಿ ಕೂಗಿದ ಮೇಲೆ ಹಿಂದೆ ಸರಿದೆ. ಬಯಲು ಬಿಟ್ಟ ಮೂಲೆಗೆ ಹುಲ್ಲು ಹಾಕಿಸಿ, ಜಾಹೀರಾತಿನಲ್ಲಿ ಅದನ್ನು ಗ್ರೀನ್ ಕಾರ್ನರ್ ಎಂದು ಕರೆದರು. ಮಳೆಗಾಲದಲ್ಲಿ ಅಲ್ಲಿ ಈಗಲೂ ನೀರು ನಿಲ್ಲುತ್ತದೆ.

ಜನ ಬಂದು ತುಂಬಿದ ಮೊದಲ ಮಳೆಗಾಲದಲ್ಲೇ ದೂರು ಬಂತು. ಐದನೇ ಅಂತಸ್ತಿನ ಕೊನೆಯ ಮನೆಯ ಗೋಡೆ ಒಳಗೆ ತೇವವಾಗುತ್ತಿದೆ ಅಂದರು. ಕಾರಣ ನೋಡುವ ಮೊದಲೇ ಗೊತ್ತಿತ್ತು. ಆ ಗೋಡೆ ಎರಡು ಮನೆಗಳ ನಡುವಿನದು ಎಂದು ಲೆಕ್ಕ ಹಾಕಿದ್ದು, ಹೊಸ ನಕ್ಷೆಯಲ್ಲೂ ಅದನ್ನು ಬದಲಿಸಿರಲಿಲ್ಲ. ಅದರಾಚೆ ಇರಬೇಕಿದ್ದದ್ದು ನನ್ನ ಮನೆ. ಅದು ಇಲ್ಲವಾದ ಮೇಲೆ ಗೋಡೆ ಹೊರಗೋಡೆಯಾಗಿ, ಮಳೆಯ ಹೊಡೆತವೆಲ್ಲ ಅದರ ಮೇಲೆಯೇ ಬೀಳುತ್ತಿತ್ತು. ಹೊರಗಿನಿಂದ ಇನ್ನೊಂದು ಪದರ ಗಾರೆ ಹಾಕಿಸಿದರೆ ಸರಿಹೋಗುವ ಕೆಲಸ. ಮೊದಲು ಒಳಗಿನಿಂದ ಎಲ್ಲಿಯವರೆಗೆ ತೇವ ಏರಿದೆ ಎಂದು ನೋಡಬೇಕಿತ್ತು.

ಲಿಫ್ಟಿನಲ್ಲಿ ಹೋದೆ. ಆ ಮನೆಯೊಳಗೆ ಗೋಡೆಯೇ ಇಲ್ಲದ ಕಾಲದಿಂದ ನಾನು ಓಡಾಡಿದ್ದೆ. ಕಾಲಿಗೆ ಕಬ್ಬಿಣ ತಗುಲಿಸಿಕೊಂಡು, ಮೇಸ್ತ್ರಿಯೊಡನೆ ಜಗಳವಾಡಿ, ನೆಲದ ಮೇಲೆ ಕೂತು ಬುತ್ತಿ ಬಿಚ್ಚಿ ಉಂಡಿದ್ದೆ. ಯಾವತ್ತೂ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವತ್ತು ಮೊದಲ ಸಲ ಚಪ್ಪಲಿ ಬಿಟ್ಟು, ಬೆಲ್ ಒತ್ತಿ, ಕಾಯುತ್ತಾ ನಿಂತೆ. ಒಳಗೆ ಕುಕ್ಕರ್ ಕೂಗುತ್ತಿತ್ತು. ಯಾರೋ ಹೆಂಗಸು ಒಲೆಯ ಕಡೆಯಿಂದಲೇ, ಏಳುವ ಅವಸರವಿಲ್ಲದ, ತನ್ನ ಮನೆಯಲ್ಲಿ ತಾನಿರುವವರ ದನಿಯಲ್ಲಿ ಕೇಳಿದರು:

“ಯಾರದು?”

ನನಗೆ ಬೇಕಾಗಿದ್ದದ್ದು ಅಷ್ಟೇ. ಬಾಗಿಲ ಒಳಗಿದ್ದುಕೊಂಡು ಒಮ್ಮೆ ಹಾಗೆ ಕೇಳುವುದು.